ತಾತನ ಲೆಡ್ಜರ್: ಎಣಿಸದೆ ಬರೆದ ಎರಡು



ಆರನೇ ತರಗತಿಯ ಹುಡುಗಿಯೊಬ್ಬಳು ನನಗೆ ಕಾಗದ ಬರೆದಿದ್ದಾಳೆ. "ತಾತ, ರಜೆಗೆ ಊರಿಗೆ ಹೋಗುವಾಗ ನಮ್ಮ ಬೆಕ್ಕನ್ನು ಜೊತೆಗೆ ಕರೆದುಕೊಂಡು ಹೋಗಬಹುದಾ? ಅಮ್ಮ ಬೇಡ ಅಂತಾರೆ, ನಾನು ಹೂಂ ಅಂತೀನಿ. ನೀವೇನಂತೀರಿ?" ಇದು ಅವಳ ಪ್ರಶ್ನೆ.

ತಾಯಿ ಮಗಳ ಜಗಳದಲ್ಲಿ ತಲೆ ಹಾಕುವಷ್ಟು ದಡ್ಡ ನಾನಲ್ಲ. ಆದರೆ ಬೆಕ್ಕುಗಳ ಜೊತೆ ಒಂದು ವಾರ ಪ್ರಯಾಣ ಮಾಡಿದ ಅನುಭವ ನನಗಿದೆ. ಕಾರಿನಲ್ಲಲ್ಲ, ರೈಲಿನಲ್ಲಲ್ಲ, ದೋಣಿಯಲ್ಲಿ! ಅದರಲ್ಲೊಂದು ದಿನ ನನ್ನಿಂದ ಒಂದು ತಪ್ಪೂ ಆಯಿತು. ಇಷ್ಟು ದಿನ ಅದನ್ನು ಈ ಅಂಕಣದಲ್ಲಿ ಬರೆದಿರಲಿಲ್ಲ. ಈಗ ಕೇಳಿದ್ದಾಳಲ್ಲ, ಹೇಳಿಬಿಡುತ್ತೇನೆ.

ನನ್ನ ಮಗಳು, ಅಳಿಯ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದಾರೆ. ಹತ್ತು ವರ್ಷದ ಮೊಮ್ಮಗಳನ್ನು ನಾವು ಪುಟ್ಟಿ ಅಂತ ಕರೆಯುತ್ತೇವೆ. ಅವರ ಮನೆಯಲ್ಲಿ ಎರಡು ಬೆಕ್ಕುಗಳಿವೆ. ಕಂದು ಬಣ್ಣದ್ದು ಬೆಲ್ಲ, ಕಪ್ಪಗಿರುವುದು ಮೆಣಸು. ಹೆಸರಿಟ್ಟವಳು ಅವರ ಅಜ್ಜಿ, ಅಂದರೆ ನಮ್ಮ ಮನೆಯವರು. ಕಳೆದ ವರ್ಷ ಜುಲೈ ಕೊನೆಯಲ್ಲಿ, ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ ಶುರುವಾದಾಗ, ನಾವಿಬ್ಬರೂ ಅಲ್ಲಿದ್ದೆವು. ಅಳಿಯನ ಜೊತೆ ಕೆಲಸ ಮಾಡುವವರೊಬ್ಬರ ಹತ್ತಿರ ಒಂದು ನ್ಯಾರೋಬೋಟ್ ಇತ್ತು. "ಒಂದು ವಾರ ತಗೊಂಡು ಹೋಗಿ" ಅಂದರಂತೆ. ಬೆಕ್ಕುಗಳನ್ನು ಬಿಟ್ಟು ಬರಲು ಪುಟ್ಟಿ ಒಪ್ಪಲಿಲ್ಲ. ಹಾಗಾಗಿ ಐದು ಜನ, ಎರಡು ಬೆಕ್ಕು, ಒಂದು ದೋಣಿ.

ನ್ಯಾರೋಬೋಟ್ ಅಂದರೆ ಹೆಸರೇ ಹೇಳುವ ಹಾಗೆ ಕಿರಿದಾದ ದೋಣಿ. ಅಗಲ 6 ಅಡಿ 10 ಅಂಗುಲ. ನಮ್ಮ ದೋಣಿಯ ಉದ್ದ 57 ಅಡಿ. ಮೈಸೂರಿನ ಸಿಟಿ ಬಸ್ಸಿಗಿಂತ ಕಿರಿದು, ಆದರೆ ಅದಕ್ಕಿಂತ ಎಷ್ಟೋ ಉದ್ದ. ಒಳಗೆ ಸಾಲಾಗಿ ಒಂದು ಕೂರುವ ಜಾಗ, ಅಡುಗೆಮನೆ, ಬಚ್ಚಲು, ಮಲಗುವ ಕೋಣೆ. ಒಬ್ಬರು ಕಾಫಿ ಮಾಡುತ್ತಿದ್ದರೆ ಇನ್ನೊಬ್ಬರು ಹೊಟ್ಟೆ ಒಳಗೆಳೆದುಕೊಂಡು ದಾಟಬೇಕು. ನಮ್ಮ ಮನೆಯವರು ಆ ಪುಟ್ಟ ಗ್ಯಾಸ್ ಒಲೆಯ ಮೇಲೆ ಉಪ್ಪಿಟ್ಟು ಕೆದಕಿ ಸೈ ಅನ್ನಿಸಿಕೊಂಡರು.

ನಾನು ಹುಟ್ಟಿದ್ದು ಮಂಡ್ಯ ಸೀಮೆಯಲ್ಲಿ. ನಾಲೆ ಅಂದರೆ ನನಗೆ ಗೊತ್ತಿದ್ದದ್ದು ವಿಶ್ವೇಶ್ವರಯ್ಯ ನಾಲೆ. ಕನ್ನಂಬಾಡಿಯಿಂದ ಹೊರಟು ಗದ್ದೆಗೆ, ಕಬ್ಬಿಗೆ ನೀರುಣಿಸುವುದು ಅದರ ಕೆಲಸ. ಇಂಗ್ಲೆಂಡಿನ ಈ ಕಾಲುವೆಗಳನ್ನು ತೋಡಿದ್ದು ಬೆಳೆಗಲ್ಲ, ಸರಕು ಸಾಗಿಸಲು. 250 ವರ್ಷದ ಹಿಂದೆ ಅಲ್ಲಿಯ ರಸ್ತೆಗಳು ಮಳೆಗಾಲದಲ್ಲಿ ಕೆಸರುಗುಂಡಿ. ಗಾಡಿಯಲ್ಲಿ ಕಲ್ಲಿದ್ದಲು ತರುವುದು ಬಹಳ ದುಬಾರಿ. ಅದೇ ನೀರಿನ ಮೇಲಾದರೆ, ದಂಡೆಯಲ್ಲಿ ನಡೆಯುವ ಒಂದೇ ಒಂದು ಕುದುರೆ ಹಗ್ಗ ಕಟ್ಟಿ ಸುಮಾರು 25 ಟನ್ ಸರಕಿನ ದೋಣಿಯನ್ನು ಎಳೆಯುತ್ತಿತ್ತು. ಕುದುರೆ ನಡೆದ ಆ ದಾರಿಗೆ ಟೋಪಾತ್ ಅನ್ನುತ್ತಾರೆ. ಈಗ ಕುದುರೆಗಳಿಲ್ಲ, ಆದರೆ ದಾರಿ ಹಾಗೇ ಇದೆ. ಜನ ಅಲ್ಲಿ ವಾಕಿಂಗ್ ಮಾಡುತ್ತಾರೆ. ಹಳೆಯ ಸೇತುವೆಗಳ ಕೆಳಗೆ ಮೂಲೆಗಳಲ್ಲಿ ಹಗ್ಗ ಉಜ್ಜಿ ಉಜ್ಜಿ ಆದ ಗೀರುಗಳಿವೆ. ನಮ್ಮೂರ ಬಾವಿಕಟ್ಟೆಯ ಕಲ್ಲಿನ ಮೇಲೆ ಇರುತ್ತವಲ್ಲ, ಹಾಗೆಯೇ.

ನಾವು ಹೋದದ್ದು ಆಕ್ಸ್‌ಫರ್ಡ್ ಕಾಲುವೆಯಲ್ಲಿ. ಅದಕ್ಕೆ ಪಾರ್ಲಿಮೆಂಟಿನ ಅನುಮತಿ ಸಿಕ್ಕಿದ್ದು 1769ರಲ್ಲಿ. ಕೆಲಸ ಶುರು ಮಾಡಿದ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ 1772ರಲ್ಲಿ ತೀರಿಕೊಂಡರು. ಕಾಲುವೆ ಬ್ಯಾನ್‌ಬರಿ ಮುಟ್ಟಿದ್ದು 1778ರಲ್ಲಿ, ಆಕ್ಸ್‌ಫರ್ಡ್ ಮುಟ್ಟಿದ್ದು 1790ರ ಜನವರಿ 1ರಂದು. ಮುಂದೆ ರೈಲು ಬಂತು, ಲಾರಿ ಬಂತು, ಕಾಲುವೆಗಳಿಗೆ ಹೂಳು ತುಂಬಿತು. 1939ರ ಬೇಸಿಗೆಯಲ್ಲಿ ಟಾಮ್ ರೋಲ್ಟ್ ಎಂಬ ಎಂಜಿನಿಯರ್ ಇದೇ ಬ್ಯಾನ್‌ಬರಿಯಿಂದ ತನ್ನ ಹೆಂಡತಿಯ ಜೊತೆ ದೋಣಿಯಲ್ಲಿ ಹೊರಟು, ಆ ಅನುಭವವನ್ನು 1944ರಲ್ಲಿ ಪುಸ್ತಕವಾಗಿ ತಂದರು. ಅದನ್ನು ಓದಿದ ಜನರಿಗೆ ಕಾಲುವೆಗಳನ್ನು ಉಳಿಸಿಕೊಳ್ಳಬೇಕು ಅನ್ನಿಸಿತು. 1946ರಲ್ಲಿ ಅದಕ್ಕಾಗಿ ಒಂದು ಸಂಘವೂ ಹುಟ್ಟಿತು. ಒಂದು ಪುಸ್ತಕ ಏನೆಲ್ಲಾ ಮಾಡಬಹುದು ನೋಡಿ!

ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ ಸುಮಾರು ಆರೂವರೆ ಕಿಲೋಮೀಟರ್. ದಡದಲ್ಲಿ ಕಟ್ಟಿದ ದೋಣಿಗಳ ಪಕ್ಕ ಹೋಗುವಾಗ ಇನ್ನೂ ನಿಧಾನ. ಜೋರಾಗಿ ಹೋದರೆ ನೀರಿನ ಸೆಳೆತಕ್ಕೆ ಆ ದೋಣಿಗಳ ಗೂಟಗಳೇ ಕಿತ್ತು ಬರುತ್ತವೆ. ಒಟ್ಟಿನಲ್ಲಿ ದೋಣಿಯೂ ಒಂದೇ, ನಡೆಯುವ ಮನುಷ್ಯನೂ ಒಂದೇ. ಚುಕ್ಕಾಣಿ ಇರುವುದು ಹಿಂದೆ. ಅದನ್ನು ಬಲಕ್ಕೆ ತಳ್ಳಿದರೆ ದೋಣಿಯ ಮೂತಿ ಎಡಕ್ಕೆ ತಿರುಗುತ್ತದೆ! ನಾನು ಮೊದಲ ದಿನ ಮೂರು ಸಲ ಪೊದೆಗೆ ನುಗ್ಗಿಸಿದೆ. ನಮ್ಮ ಮನೆಯವರು ಮಾತ್ರ ಒಂದೇ ಗಂಟೆಯಲ್ಲಿ ಕಲಿತರು. "ನಲವತ್ತೆಂಟು ವರ್ಷ ನಿಮ್ಮನ್ನ ಬಲಕ್ಕೆ ಕಳಿಸ್ಬೇಕಾದ್ರೆ ಎಡಕ್ಕೆ ಹೋಗಿ ಅಂತಾನೇ ಹೇಳಿದೀನಲ್ರೀ" ಅಂದರು. ನಾನು ಉತ್ತರ ಕೊಡಲಿಲ್ಲ.

ಇನ್ನು ಲಾಕ್. ಬೀಗವಲ್ಲ ಮಕ್ಕಳೇ, ಇದು ನೀರಿನ ಮೆಟ್ಟಿಲು. ನೆಲ ಏರಿಳಿದಂತೆ ನೀರು ಏರಿಳಿಯುವುದಿಲ್ಲವಲ್ಲ? ಅದಕ್ಕೆ ಕಾಲುವೆಯ ನಡುವೆ ಕಲ್ಲಿನ, ಇಟ್ಟಿಗೆಯ ಉದ್ದನೆಯ ತೊಟ್ಟಿ ಕಟ್ಟಿ ಎರಡೂ ಕಡೆ ದೊಡ್ಡ ಬಾಗಿಲು ಇಟ್ಟಿದ್ದಾರೆ. ಕೆಳಗಿಳಿಯಬೇಕಾದರೆ ತುಂಬಿದ ತೊಟ್ಟಿಯೊಳಗೆ ದೋಣಿಯನ್ನು ತಂದು, ಹಿಂದಿನ ಬಾಗಿಲು ಮುಚ್ಚಿ, ಮುಂದಿನ ತೂಬು ಎತ್ತಬೇಕು. ನೀರು ಇಳಿಯುತ್ತದೆ, ನೀರಿನ ಜೊತೆ ದೋಣಿಯೂ ಇಳಿಯುತ್ತದೆ. ಎರಡೂ ಕಡೆ ನೀರು ಸಮವಾದ ಮೇಲೆ ಬಾಗಿಲು ತಾನಾಗಿ ಸಡಿಲವಾಗುತ್ತದೆ. ಮೇಲಿನ ಬಾಗಿಲ ಬುಡದಲ್ಲಿ ಒಂದು ಕಲ್ಲಿನ ಹೊಸ್ತಿಲಿದೆ. ಇಳಿಯುವಾಗ ದೋಣಿಯ ಹಿಂಭಾಗ ಅದರ ಮೇಲೆ ಸಿಕ್ಕಿಕೊಂಡರೆ ದೋಣಿ ಮುಗ್ಗರಿಸಿ ಮುಳುಗುತ್ತದೆ. ಅದಕ್ಕೆ ಗೋಡೆಯ ಮೇಲೆ ಬಿಳಿ ಗುರುತು ಹಾಕಿರುತ್ತಾರೆ. ತೂಬು ಎತ್ತುವುದು, ಬಾಗಿಲು ತಳ್ಳುವುದು ಎಲ್ಲಾ ನಾವೇ ಮಾಡಬೇಕು. ಪುಟ್ಟಿ ಮತ್ತು ಅವಳಪ್ಪ ಬೆನ್ನು ಕೊಟ್ಟು ಬಾಗಿಲು ತಳ್ಳುತ್ತಿದ್ದರು.

ಒಂದು ಜಾಣತನವನ್ನು ಹೇಳಲೇಬೇಕು. ಸಾಮರ್ಟನ್ ಎಂಬಲ್ಲಿ 12 ಅಡಿ ಆಳದ ಲಾಕ್ ಇದೆ. ಅದನ್ನು ಒಂದು ಸಲ ಬರಿದು ಮಾಡಿದರೆ ಅಷ್ಟೂ ನೀರು ಕೆಳಗೆ ಹೋಯಿತು. ಅದಕ್ಕಿಂತ ಮೇಲಿರುವ ಏನ್‌ಹೋ ಲಾಕ್‌ನಲ್ಲಿ ನೀರು ಇಳಿಯುವುದು ಒಂದಡಿಯಷ್ಟೇ. ಮೇಲಿಂದ ಬರುವುದು ಚೂರು, ಕೆಳಗೆ ಹೋಗುವುದು ರಾಶಿ. ಹೀಗಾದರೆ ನಡುವಿನ ಕಾಲುವೆ ಬತ್ತುವುದಿಲ್ಲವೇ? ಜಮೆ ಕಡಿಮೆ, ಖರ್ಚು ಜಾಸ್ತಿ! ಅದಕ್ಕೆ ಅವರು ಏನ್‌ಹೋ ಲಾಕನ್ನು ನಡುವೆ ಉಬ್ಬಿಸಿ ಬಹಳ ಅಗಲವಾಗಿ ಕಟ್ಟಿದರು. ಆಳ ಕಡಿಮೆಯಾದರೇನು, ಅಗಲ ಜಾಸ್ತಿ ಇದ್ದರೆ ನೀರಿನ ಲೆಕ್ಕ ಸರಿಹೋಗುತ್ತದೆ. ಅಲ್ಲೇ ಚರ್ವೆಲ್ ಎಂಬ ನದಿ ಕಾಲುವೆಯನ್ನು ಅಡ್ಡಲಾಗಿ ದಾಟಿ ಹೋಗುತ್ತದೆ. ಇನ್ನೂ ದಕ್ಷಿಣಕ್ಕೆ ಸುಮಾರು ಒಂದು ಮೈಲಿ ದೂರ ಆ ನದಿಯೇ ಕಾಲುವೆಯಾಗಿಬಿಡುತ್ತದೆ. ಮಳೆ ಬಂದು ನದಿ ಉಕ್ಕಿದರೆ ದೋಣಿಗಳು ನಿಲ್ಲಬೇಕು.

ಈಗ ಬೆಕ್ಕುಗಳ ವಿಷಯ.

ಮಗಳು ಕಟ್ಟುನಿಟ್ಟಾದ ನಿಯಮ ಮಾಡಿದ್ದಳು. ದೋಣಿ ಚಲಿಸುವಾಗ ಬೆಕ್ಕುಗಳು ಮಲಗುವ ಕೋಣೆಯಲ್ಲಿ, ಬಾಗಿಲು ಹಾಕಿ. ಲಾಕ್‌ನಲ್ಲಂತೂ ಕಡ್ಡಾಯ. ದೋಣಿ ಕಟ್ಟಿ ಎಂಜಿನ್ ಆರಿಸಿದ ಮೇಲೆ ಮೈಗೆ ಪಟ್ಟಿ ತೊಡಿಸಿ, ಹಗ್ಗ ಹಿಡಿದು ಹೊರಗೆ. ಕತ್ತಲಾಗುವ ಮೊದಲು ಒಳಗೆ. ಬೆಕ್ಕು ನೀರಿಗೆ ಬಿದ್ದರೆ ಈಜುತ್ತದೆ, ಆದರೆ ದೋಣಿಯ ನುಣುಪಾದ ಕಬ್ಬಿಣದ ಮೈ ಹತ್ತಲಾರದು. ಅದಕ್ಕೆ ದೋಣಿಯ ಪಕ್ಕದಲ್ಲಿ ಹಳೆಯ ಕಾರ್ಪೆಟ್ಟಿನ ಒಂದು ತುಂಡು ನೇತುಹಾಕಿದ್ದರು, ಉಗುರು ಹಾಕಿ ಹತ್ತಲಿ ಅಂತ. ಬೆಕ್ಕುಗಳ ಮಣ್ಣಿನ ತಟ್ಟೆ ಬಚ್ಚಲಲ್ಲಿ. ಸ್ನಾನಕ್ಕೆ ಹೋಗುವವರು ಮೊದಲು ಅವುಗಳ ಅಪ್ಪಣೆ ಕೇಳಬೇಕಿತ್ತು!

ಮೆಣಸು ಧೈರ್ಯಸ್ಥ. ಕಿಟಕಿಯಲ್ಲಿ ಕೂತು ಬಾತುಕೋಳಿಗಳನ್ನು ನೋಡಿ ಹಲ್ಲು ಕಟಕಟ ಮಾಡುತ್ತಿದ್ದ. ಬೆಲ್ಲ ಪುಕ್ಕಲು. ಎಂಜಿನ್ ಶುರುವಾದರೆ ಹೊದಿಕೆಯ ಕೆಳಗೆ ಮುದುಡಿಕೊಂಡು, ಸಂಜೆ ಎಂಜಿನ್ ನಿಂತ ಮೇಲೇ ಹೊರಗೆ ತಲೆ ಹಾಕುತ್ತಿದ್ದಳು.

ನನಗೆ ಕೊಟ್ಟಿದ್ದ ಕೆಲಸ ಒಂದೇ: ರಾತ್ರಿಯ ಲೆಕ್ಕ. ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ತಾರೀಕು, ತಂಗಿದ ಜಾಗ, ದಾಟಿದ ಲಾಕ್, ಕೊನೆಯಲ್ಲಿ "ಬೆಕ್ಕು: 2" ಅಂತ ಬರೆದು ಸಹಿ. ಪುಟ್ಟಿ ಮಲಗುವ ಮೊದಲು ಅದನ್ನು ನೋಡಿಯೇ ದೀಪ ಆರಿಸುತ್ತಿದ್ದಳು. "ತಾತ ಬ್ಯಾಂಕಲ್ಲಿ ಇದ್ದವರು, ತಪ್ಪೇ ಆಗಲ್ಲ" ಅಂತ ಲಾಕ್‌ನಲ್ಲಿ ಸಿಕ್ಕ ಯಾರೋ ಮುದುಕರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಉಬ್ಬಿಹೋದೆ.

ತಪ್ಪೇ ಆಗಲ್ಲ ಅನ್ನುವುದು ಸುಳ್ಳು. 1979ರಲ್ಲಿ ಕ್ಯಾಷ್ ಕೌಂಟರಿನಲ್ಲಿದ್ದಾಗ, ಪರಿಚಯದ ವ್ಯಾಪಾರಿಯೊಬ್ಬರು ಕೊಟ್ಟ ನೂರು ರೂಪಾಯಿಯ ಕಟ್ಟನ್ನು ಎಣಿಸದೆ ತೆಗೆದುಕೊಂಡೆ. ಸಂಜೆ ನೋಡಿದರೆ ಎರಡು ನೋಟು ಕಡಿಮೆ. ಇನ್ನೂರು ರೂಪಾಯಿ ನಾನೇ ಕಟ್ಟಿದೆ. ಆಗ ಅದು ಸಣ್ಣ ಮೊತ್ತವಲ್ಲ. ನಮ್ಮ ಹೆಡ್ ಕ್ಯಾಷಿಯರ್ ಬೈಯಲಿಲ್ಲ. "ಕಣ್ಣಲ್ಲಿ ಎಣಿಸಬೇಡಪ್ಪ, ಬೆರಳಲ್ಲಿ ಎಣಿಸು" ಅಂದರು. ಅಲ್ಲಿಂದ ನಿವೃತ್ತಿಯವರೆಗೂ ಅದನ್ನು ಪಾಲಿಸಿದೆ. ಆಮೇಲೆ ಮರೆತೆನೇನೋ.

ಶನಿವಾರ ಥ್ರಪ್ ಎಂಬ ಊರಿಂದ ಹೊರಟು, ಉತ್ತರಕ್ಕೆ ಹೇಫರ್ಡ್, ಏನ್‌ಹೋ, ಬ್ಯಾನ್‌ಬರಿ ದಾಟಿ, ಮಂಗಳವಾರ ಕ್ರಾಪ್ರೆಡಿ ಮುಟ್ಟಿದೆವು. ಕಾರಿನಲ್ಲಾದರೆ ಒಂದು ಗಂಟೆಯೊಳಗಿನ ದಾರಿ, ನಮಗೆ ನಾಲ್ಕು ದಿನ! ಇಂಗ್ಲಿಷ್ ಶಿಶುಗೀತೆಯಲ್ಲಿ ಬರುವ ಬ್ಯಾನ್‌ಬರಿ ಊರಲ್ಲಿ ಒಣದ್ರಾಕ್ಷಿ ತುಂಬಿದ ಬ್ಯಾನ್‌ಬರಿ ಕೇಕ್ ತಿಂದೆವು. ಕ್ರಾಪ್ರೆಡಿಯಲ್ಲಿ ದೋಣಿ ತಿರುಗಿಸಿ ವಾಪಸ್ ಹೊರಟೆವು. ಗುರುವಾರ ಸಂಜೆ ಏನ್‌ಹೋ ಲಾಕ್ ದಾಟಿ, ಹುಲ್ಲುಗಾವಲ ಪಕ್ಕದಲ್ಲಿ ಗೂಟ ಬಡಿದು ದೋಣಿ ಕಟ್ಟಿದೆವು.

ಅಲ್ಲಿ ಜುಲೈನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತಕ್ಕೆ. ಎಲ್ಲರೂ ಮಲಗಿದ ಮೇಲೆ ಮಳೆ ಶುರುವಾಯಿತು. ಹಗ್ಗ ಬಿಗಿಯಾಗಿದೆಯೋ ಇಲ್ಲವೋ ನೋಡೋಣ ಅಂತ ನಾನು ಟಾರ್ಚ್ ಹಿಡಿದು ಮುಂದಿನ ಬಾಗಿಲು ತೆಗೆದು ಹೊರಗೆ ಹೋದೆ. ಬಾಗಿಲು ಎಳೆದುಕೊಂಡೆ ಅಂದುಕೊಂಡಿದ್ದೆ. ಬಂದು ನೋಡಿದರೆ ಅರ್ಧ ತೆರೆದಿತ್ತು. ಒಳಗೆ ಟಾರ್ಚ್ ಬಿಟ್ಟೆ. ಬೆಂಚಿನ ಕೆಳಗೆ ಮೆಣಸುವಿನ ಎರಡು ಕಣ್ಣು ಹೊಳೆದವು. ಬೆಂಚಿನ ಮೂಲೆಯಲ್ಲಿ ಕಂದು ಮುದ್ದೆ ಕಂಡಿತು, ಬೆಲ್ಲ. ಮುಟ್ಟಿ ನೋಡಲಿಲ್ಲ. ಬೆನ್ನು ನೋಯುತ್ತಿತ್ತು, ನಿದ್ದೆ ಬರುತ್ತಿತ್ತು. "ಬೆಕ್ಕು: 2" ಬರೆದೆ, ಸಹಿ ಹಾಕಿದೆ, ಮಲಗಿದೆ.

ಶುಕ್ರವಾರ ಅಳಿಯ ಬೆಳಿಗ್ಗೆ ಆರೂವರೆಗೇ ಎಂಜಿನ್ ಶುರು ಮಾಡಿದರು. ಶನಿವಾರ ಸಂಜೆಯೊಳಗೆ ಥ್ರಪ್‌ಗೆ ಮುಟ್ಟಬೇಕಿತ್ತು, ಸೋಮವಾರ ಆಫೀಸು. ಪುಟ್ಟಿ ಎದ್ದು, ಪಕ್ಕದ ಕಿಟಕಿ ಬಾಗಿಲು ತೆಗೆದು ಬಾತುಕೋಳಿಗಳಿಗೆ ಬಟಾಣಿ ಹಾಕಿದಳು. ಆಮೇಲೆ ನನ್ನ ನೋಟ್‌ಬುಕ್ ನೋಡಿ ಹಾಸಿಗೆಗೆ ಮರಳಿದಳು. ದೋಣಿ ಹೊರಟಿತು. ಸಾಮರ್ಟನ್ನಿನ ಆ 12 ಅಡಿ ಲಾಕ್ ಇಳಿದೆವು. ಕೆಳಗೆ ದೋಣಿ ಕಟ್ಟಿ ತಿಂಡಿಗೆ ಕೂತಾಗ ಪುಟ್ಟಿ ಬೆಕ್ಕುಗಳ ಬಟ್ಟಲು ಹಿಡಿದು ಬಂದಳು. ಮೆಣಸು ಓಡಿ ಬಂದ. ಬೆಲ್ಲ ಬರಲಿಲ್ಲ.

ಹೊದಿಕೆ ಎತ್ತಿದೆವು, ಮಂಚದ ಕೆಳಗೆ ನೋಡಿದೆವು, ಬಚ್ಚಲು, ಬೀರು, ಎಂಜಿನ್ ಇರುವ ಜಾಗ ಎಲ್ಲಾ ಹುಡುಕಿದೆವು. 57 ಅಡಿ ಉದ್ದದ ದೋಣಿಯಲ್ಲಿ ಬೆಕ್ಕು ಬಚ್ಚಿಟ್ಟುಕೊಳ್ಳುವ ಜಾಗ ಎಷ್ಟಿರಲು ಸಾಧ್ಯ? ಪುಟ್ಟಿಯ ಮುಖ ಬಿಳಿಚಿಕೊಂಡಿತು. "ನಾನೇ... ನಾನೇ ಕಿಟಕಿ ತೆಗೆದೆ. ಬಾತುಕೋಳಿಗೆ. ಲಾಕ್‌ನಲ್ಲಿ ಬಿದ್ದಿದ್ರೆ?" ಅಂತ ಅಳಲು ಶುರು ಮಾಡಿದಳು. ಮಗಳೂ ಸಿಟ್ಟಿನಲ್ಲಿ, "ಎಷ್ಟು ಸಲ ಹೇಳಿದೀನಿ ಕಿಟಕಿ ತೆಗೀಬೇಡ ಅಂತ!" ಅಂದಳು.

ಅದೇ ಹೊತ್ತಿಗೆ ನಮ್ಮ ಮನೆಯವರು ಬೆಂಚಿನ ಮೂಲೆಯಿಂದ ತಮ್ಮ ಕಂದು ಶಾಲು ಎಳೆದು, "ಇದು ಇಲ್ಲೇ ಬಿದ್ದಿದೆ, ರಾತ್ರಿಯೆಲ್ಲಾ ಹುಡುಕಿದೆ" ಅಂದರು.

ನನಗೆ ಎಲ್ಲಾ ಅರ್ಥವಾಯಿತು. ಟಾರ್ಚಿನ ಬೆಳಕಿನಲ್ಲಿ ನಾನು ಎಣಿಸಿದ್ದು ಒಂದು ಬೆಕ್ಕು, ಒಂದು ಶಾಲು.

ಮಕ್ಕಳೇ, ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮೊಮ್ಮಗಳು ಬಿಕ್ಕುತ್ತಿದ್ದಳು, ಮಗಳು ಬೈಯುತ್ತಿದ್ದಳು. ನಾನು, ಎಪ್ಪತ್ತು ದಾಟಿದವನು, ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿ ಕೂತಿದ್ದೆ. "ನಾನು ಹೋಗಿ ನೋಡ್ತೀನಿ" ಅಂತಷ್ಟೇ ಅಂದೆ. ದೋಣಿಯನ್ನು ಅಲ್ಲೇ ತಿರುಗಿಸುವ ಹಾಗಿರಲಿಲ್ಲ. ಅಷ್ಟು ಉದ್ದದ ದೋಣಿ ತಿರುಗಲು ಕಾಲುವೆಯನ್ನು ಅಗಲ ಮಾಡಿರುವ ಜಾಗವೇ ಬೇಕು. ತಿರುಗಿಸಿದರೂ ದೋಣಿ ನಮ್ಮ ನಡಿಗೆಗಿಂತ ಬೇಗ ಹೋಗುವುದಿಲ್ಲ. ಪುಟ್ಟಿ ಬೆಲ್ಲಳ ಹೊದಿಕೆ, ತಿಂಡಿ ಡಬ್ಬಿ, ಬೆಕ್ಕಿನ ಬುಟ್ಟಿ ತಗೊಂಡು ನನ್ನ ಹಿಂದೆ ಬಂದಳು. ಟೋಪಾತ್ ಮೇಲೆ ಉತ್ತರಕ್ಕೆ ನಡೆಯತೊಡಗಿದೆವು.

ಸಾಮರ್ಟನ್ ಲಾಕ್ ಹತ್ತಿರ ಬಂದಾಗ ಅವಳು ನಿಂತು ಕೆಳಗೆ ಬಗ್ಗಿ ನೀರು ನೋಡಿದಳು. ಕಪ್ಪು ನೀರು, ಪಾಚಿ ಹಿಡಿದ ಗೋಡೆ. ಅವಳ ಬೆನ್ನು ನಡುಗುತ್ತಿತ್ತು. ಇನ್ನು ತಡೆಯಲಾಗಲಿಲ್ಲ.

"ಪುಟ್ಟಿ, ಅವಳು ಇಲ್ಲಿ ಬಿದ್ದಿಲ್ಲ. ಕಿಟಕಿಯಿಂದಲೂ ಹೋಗಿಲ್ಲ. ರಾತ್ರಿ ನಾನು ಬಾಗಿಲು ಸರಿಯಾಗಿ ಹಾಕಲಿಲ್ಲ. ಆಮೇಲೆ ಅಜ್ಜಿಯ ಶಾಲನ್ನು ಬೆಲ್ಲ ಅಂದುಕೊಂಡು ಎರಡು ಅಂತ ಬರೆದೆ. ಮುಟ್ಟಿ ಎಣಿಸಲಿಲ್ಲ. ತಪ್ಪು ನನ್ನದು."

ಅವಳು ನನ್ನನ್ನೇ ನೋಡಿದಳು. "ಆಗ್ಲೇ ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು. ನೀನು ನನ್ನ ಬಗ್ಗೆ ಏನಂದ್ಕೋತೀಯೋ ಅಂತ."

ಅವಳು ಏನೂ ಹೇಳಲಿಲ್ಲ. ನನ್ನ ಕೈ ಬಿಟ್ಟು ಮುಂದೆ ಮುಂದೆ ನಡೆದಳು. ಅರ್ಧ ಮೈಲಿ ಹಾಗೇ. ನಾನು ಬುಟ್ಟಿ ಹೊತ್ತು ಹಿಂದೆ. ಆ ಅರ್ಧ ಮೈಲಿಯಷ್ಟು ಉದ್ದದ ದಾರಿಯನ್ನು ನಾನು ಇನ್ನೆಲ್ಲೂ ನಡೆದಿಲ್ಲ.

ನಮ್ಮ ಗೂಟದ ಗುರುತುಗಳಿದ್ದ ಜಾಗ ಸಿಕ್ಕಿತು. ಬೆಲ್ಲ ಇರಲಿಲ್ಲ. ಪುಟ್ಟಿ ಜೋರಾಗಿ ಕೂಗುತ್ತಾ ಅತ್ತಿತ್ತ ಓಡಿದಳು. ಸ್ವಲ್ಪ ಹಿಂದೆ ಕಟ್ಟಿದ್ದ ಇನ್ನೊಂದು ದೋಣಿಯಿಂದ ವಯಸ್ಸಾದ ಹೆಂಗಸೊಬ್ಬರು ಟೀ ಲೋಟ ಹಿಡಿದು ಬಂದರು. ಅವರು ವರ್ಷಪೂರ್ತಿ ದೋಣಿಯಲ್ಲೇ ಇರುವವರು, ಅವರ ಹತ್ತಿರವೂ ಬೆಕ್ಕಿತ್ತು. "ಎಂಟು ಗಂಟೆಗೆ ಒಂದು ಕಂದು ಬೆಕ್ಕು ಇಲ್ಲೇ, ನಿಮ್ಮ ದೋಣಿ ಇದ್ದ ಜಾಗದಲ್ಲೇ ಕೂತಿತ್ತು. ಒಂದು ನಾಯಿ ಬಂತು, ಬೇಲಿಯೊಳಗೆ ನುಗ್ಗಿತು" ಅಂದರು. ಆಮೇಲೆ ಪುಟ್ಟಿಗೆ, "ಕೂಗಬೇಡ ಮಗು, ಓಡಬೇಡ. ಹೆದರಿದ ಬೆಕ್ಕು ದೂರ ಹೋಗೋದಿಲ್ಲ, ಹತ್ತಿರವೇ ಉಸಿರು ಬಿಗಿಹಿಡಿದು ಕೂತಿರುತ್ತೆ. ಅವಳ ಹೊದಿಕೆ ಹಾಸಿ ಅದರ ಮೇಲೆ ಸುಮ್ಮನೆ ಕೂತ್ಕೋ. ಅವಳಿಗೆ ಧೈರ್ಯ ಬಂದಾಗ ಬರ್ತಾಳೆ" ಅಂತ ಹೇಳಿದರು.

ಕೂತೆವು. ಒಂಬತ್ತೂವರೆಯಾಯಿತು, ಹನ್ನೊಂದಾಯಿತು. ಹತ್ತಿರದಲ್ಲೇ ಆಕ್ಸ್‌ಫರ್ಡ್-ಬ್ಯಾನ್‌ಬರಿ ರೈಲು ಹಳಿ. ರೈಲು ಧಡಧಡ ಹೋದಾಗಲೆಲ್ಲ ಬೆಲ್ಲ ಇನ್ನೂ ಒಳಗೆ ಮುದುಡಿಕೊಂಡಳೇನೋ ಅಂತ ನಮ್ಮ ಎದೆ ಹಿಂಡುತ್ತಿತ್ತು. ದಾರಿಯಲ್ಲಿ ಹೋದ ದೋಣಿಗಳವರಿಗೆಲ್ಲ ಆ ಹೆಂಗಸು ಸುದ್ದಿ ಮುಟ್ಟಿಸಿದರು. ಅವರು ಮುಂದಿನ ಲಾಕ್‌ನಲ್ಲಿ ಸಿಕ್ಕವರಿಗೆ ಹೇಳುತ್ತಾ ಹೋದರು. ಕಾಲುವೆಯ ಮೇಲೆ ಸುದ್ದಿ ಹಾಗೇ ಹರಡುತ್ತದೆ. ಮಧ್ಯಾಹ್ನ ಅಳಿಯ ಮೊಸರನ್ನದ ಡಬ್ಬಿ ತಂದುಕೊಟ್ಟರು. ನಾನು ಅವರಿಗೂ ನಿಜ ಹೇಳಿದೆ. ಎರಡನೇ ಸಲ ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಅವರು, "ಇರ್ಲಿ ಬಿಡಿ ಮಾವ" ಅಂದರು, "ಪುಟ್ಟಿದಲ್ಲ ಅಂತ ಅವಳಮ್ಮನಿಗೆ ಫೋನ್ ಮಾಡಿಬಿಡಿ." ಅಲ್ಲೇ ಮಾಡಿದೆ. ಮಗಳು ಮಗಳನ್ನು ಕರೆದು ಕ್ಷಮೆ ಕೇಳಿದಳು.

ಫೋನ್ ಇಟ್ಟ ಮೇಲೆ ಪುಟ್ಟಿ ಮೊಸರನ್ನದ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. "ತಾತ, ನೀವು ಎರಡು ಅಂತ ಬರೆದಿದ್ರಲ್ಲ, ನಾನೂ ಬೆಳಿಗ್ಗೆ ಅದನ್ನೇ ನೋಡಿ ಬಿಟ್ಟೆ. ಬೆಲ್ಲನ್ನ ನೋಡ್ಲೇ ಇಲ್ಲ" ಅಂದಳು. ಆಮೇಲೆ ನನ್ನ ಪಕ್ಕಕ್ಕೆ ಸರಿದು ಕೂತಳು.

ಮೂರು ಗಂಟೆಗೆ ಸಣ್ಣ ಮಳೆ ಹನಿಯಿತು. ದಾರಿಯಲ್ಲಿ ಓಡಾಟ ನಿಂತಿತು. ಕೊಡೆ ಹಿಡಿದು ಕೂತೇ ಇದ್ದೆವು. ಪುಟ್ಟಿ ತಿಂಡಿ ಡಬ್ಬಿಯನ್ನು ಮೆಲ್ಲಗೆ ಒಂದು ಸಲ ಅಲ್ಲಾಡಿಸಿದಳು. ಮೂರೂಕಾಲಿರಬೇಕು. ಬೇಲಿಯ ಬುಡದಲ್ಲಿ ಎಲೆ ಅಲುಗಿತು. ಮೊದಲು ಒಂದು ಮೂಗು, ಆಮೇಲೆ ಒದ್ದೆಯಾದ ಕಂದು ತಲೆ. ಪುಟ್ಟಿ ಅಲುಗಾಡಲಿಲ್ಲ. ಬೆಲ್ಲ ನೆಲಕ್ಕೆ ಅಂಟಿಕೊಂಡು ತೆವಳುತ್ತಾ ಬಂದು ಹೊದಿಕೆ ಮೂಸಿದಳು, ಅವಳ ತೊಡೆ ಹತ್ತಿದಳು. ಆಗ ಪುಟ್ಟಿ ಅತ್ತಳು ನೋಡಿ. ನಾನೂ ಮಳೆಯ ನೆಪದಲ್ಲಿ ಕನ್ನಡಕ ಒರೆಸಿಕೊಂಡೆ.

ಬುಟ್ಟಿ ಹೊತ್ತು ವಾಪಸ್ ನಡೆದದ್ದು ನಾನೇ. ನಾಲ್ಕು ಕಿಲೋ ಬೆಕ್ಕು ಮೈಲಿಗೊಂದು ಕಿಲೋ ಹೆಚ್ಚಾಗುತ್ತದೆ, ನಂಬಿ! ಒಂದಿಡೀ ದಿನ ಕಳೆದುಹೋಗಿತ್ತು. ಶನಿವಾರ ಬೆಳಿಗ್ಗೆ ಬೇಗ ಹೊರಟು, ಇಡೀ ದಿನ ದೋಣಿ ನಡೆಸಿ, ಕತ್ತಲಾಗುವ ಮೊದಲು ಥ್ರಪ್ ಮುಟ್ಟಿದೆವು. ಯಾರೂ ಗೊಣಗಲಿಲ್ಲ.

ಶುಕ್ರವಾರ ರಾತ್ರಿಯ ಒಂದು ಕೆಲಸ ಮಾತ್ರ ಹೇಳಬೇಕು. ಪುಟ್ಟಿ ನೋಟ್‌ಬುಕ್ ತೆಗೆದು, ಗುರುವಾರದ ಸಾಲನ್ನು ರಬ್ಬರಿನಲ್ಲಿ ಉಜ್ಜಲು ಹೊರಟಳು. ನಾನು ತಡೆದೆ. ಬ್ಯಾಂಕಿನ ಲೆಡ್ಜರಿನಲ್ಲಿ ತಪ್ಪನ್ನು ಅಳಿಸುವ ಹಾಗಿಲ್ಲ. ತಪ್ಪು ಅಂಕಿ ಓದಲು ಬರುವ ಹಾಗೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಿದ್ದಿದವರು ಚಿಕ್ಕ ಸಹಿ ಹಾಕಬೇಕು. "2"ರ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ "1" ಬರೆದು ಸಹಿ ಹಾಕಿದೆ. ಕೆಳಗೆ ಪುಟ್ಟಿಯೂ ಸಹಿ ಹಾಕಿದಳು. ಆಮೇಲೆ ಇಬ್ಬರೂ ಟಾರ್ಚ್ ಇಲ್ಲದೆ, ಕೈಯಲ್ಲಿ ಮುಟ್ಟಿ ಮುಟ್ಟಿ ಎಣಿಸಿದೆವು. ಮೆಣಸು ಒಂದು, ಬೆಲ್ಲ ಎರಡು.

ಈಗ ಕಾಗದ ಬರೆದ ಹುಡುಗಿಗೆ ಉತ್ತರ. ನಿನ್ನ ಬೆಕ್ಕನ್ನು ಕರೆದುಕೊಂಡು ಹೋಗುವುದಾದರೆ, ಹೊರಡುವ ಒಂದೆರಡು ವಾರ ಮೊದಲೇ ಬುಟ್ಟಿಯನ್ನು ಮನೆಯಲ್ಲಿ ತೆರೆದಿಟ್ಟು, ಅದರಲ್ಲೇ ಊಟ ಹಾಕಿ, ಮಲಗಿಸಿ ಅಭ್ಯಾಸ ಮಾಡಿಸು. ಬಸ್ಸಿನಲ್ಲಾಗಲಿ ಕಾರಿನಲ್ಲಾಗಲಿ ಬುಟ್ಟಿಯಿಂದ ಹೊರಗೆ ಬಿಡಬೇಡ. ಕೊರಳಪಟ್ಟಿಯ ಮೇಲೆ ಅಪ್ಪ-ಅಮ್ಮನ ಫೋನ್ ನಂಬರ್ ಇರಲಿ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಸಾಕಿದ ಬೆಕ್ಕುಗಳಿಗೆ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಹಾಕಿಸುವುದು ಕಡ್ಡಾಯ. ಅದರ ಸಂಖ್ಯೆಯಿಂದ ಮಾಲೀಕರು ಯಾರೆಂದು ಗೊತ್ತಾಗುತ್ತದೆ. ಹೊಸ ಊರು ಮುಟ್ಟಿದ ಮೇಲೆ ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿ ಇಡು, ಹಳೆಯ ಹೊದಿಕೆ ಜೊತೆಗಿರಲಿ. ಕಳೆದುಹೋದರೆ ಕೂಗಿ ಓಡಬೇಡ, ಕಳೆದ ಜಾಗದ ಹತ್ತಿರವೇ ಹುಡುಕು, ಸುಮ್ಮನೆ ಕಾಯಿ. ಪುಕ್ಕಲು ಬೆಕ್ಕಾದರೆ ಅಮ್ಮನ ಮಾತೇ ಸರಿ, ನಂಬಿಕೆಯ ನೆರೆಮನೆಯವರ ಹತ್ತಿರ ಬಿಟ್ಟು ಹೋಗು.

ಅಜ್ಜ-ಅಜ್ಜಿಯರಿಗೂ ಒಂದು ಮಾತು. ನಾವು ತಪ್ಪೇ ಮಾಡದವರು ಅಂತ ಮೊಮ್ಮಕ್ಕಳು ನಂಬಿದರೆ ಖುಷಿಯಾಗುತ್ತದೆ, ನಿಜ. ಆದರೆ ಆ ನಂಬಿಕೆ ಉಳಿಸಿಕೊಳ್ಳಲು ಹೋಗಿ, ನಮ್ಮ ತಪ್ಪಿಗೆ ಅವರು ಅಳುವುದನ್ನು ನೋಡುತ್ತಾ ಕೂರಬಾರದು. ನಾನು ಸ್ವಲ್ಪ ಹೊತ್ತು ಹಾಗೆ ಕೂತಿದ್ದೆ. ಆ ಹೊತ್ತನ್ನು ನೆನೆದರೆ ಈಗಲೂ ಮುಜುಗರವಾಗುತ್ತದೆ.

ಪುಟ್ಟಿ ಈಗ ಭಾನುವಾರದ ಫೋನಿನಲ್ಲಿ ಮೊದಲು ಹೇಳುವುದೇ "ತಾತ, ಎರಡು" ಅಂತ.

"ಮುಟ್ಟಿ ಎಣಿಸಿದೆಯಾ?" ಅಂತ ನಾನು ಕೇಳುತ್ತೇನೆ.

"ಹೂಂ. ನೀವು ಮಾತ್ರೆ ತಗೊಂಡ್ರಾ? ಅಜ್ಜಿಗೆ ಫೋನ್ ಕೊಡಿ, ನಾನು ಕೇಳ್ಬೇಕು" ಅನ್ನುತ್ತಾಳೆ.

ನನ್ನ ಮಾತನ್ನು ಪರೀಕ್ಷೆ ಮಾಡದೆ ಒಪ್ಪುವುದಿಲ್ಲ. ಒಳ್ಳೆಯದೇ ಆಯಿತು.

ಮುಂದಿನ ವಾರ ಸಿಗೋಣ.

ನಿಮ್ಮ,
ಲೆಡ್ಜರ್ ತಾತ